ಆಯ್‌ಪೆರಿಯ ಕಾಲಿನ ದಾರ

ಚಿನ್ಮಯ, ಇಂಪನಾ,

ಇದನ್ನು ನಿಮ್ಮಿಬ್ಬರಿಗಾಗಿ ಬರೆಯುತ್ತಿದ್ದೇನೆ. ಚಿನ್ಮಯ ಈಗಲೇ ಓದಬಲ್ಲ. ಇಂಪು, ನೀನಿನ್ನೂ ಅಕ್ಷರ ಕೂಡಿಸಿಕೊಂಡು ಓದುವವಳು, ನಿನಗೆ ಅಣ್ಣ ಓದಿ ಹೇಳುತ್ತಾನೆ. ನಿಮ್ಮ ಅಜ್ಜಿ ಓದಿದ್ದು ಮಾಗಡಿ ಕಡೆಯ ಹಳ್ಳಿ ಶಾಲೆಯಲ್ಲಿ, ಏಳನೇ ತರಗತಿವರೆಗೆ. ತಪ್ಪು ಕಂಡರೆ ನಗಿ. ಆದರೆ ಪೂರ್ತಿ ಓದಿ.

ನಾನು ನಿಮ್ಮ ಅಮ್ಮನ ಜೊತೆ ಕಿರ್ಗಿಸ್ತಾನ್ ಎಂಬ ದೇಶಕ್ಕೆ ಹೋಗಿ, ದಾರಿಯೇ ಇಲ್ಲದ ಬೆಟ್ಟಗಳಲ್ಲಿ ಬೆನ್ನಿಗೆ ಚೀಲ ಹೊತ್ತು ನಡೆದು ಬಂದೆ. ಬಂದಾಗಿನಿಂದ ನೆಂಟರು, ಪಾರ್ಕಿನವರು ಎಲ್ಲರೂ "ಹೇಗಿತ್ತು?" ಎಂದು ಕೇಳುತ್ತಾರೆ. ಚೆನ್ನಾಗಿತ್ತು ಎನ್ನುತ್ತೇನೆ. ಸುಳ್ಳಲ್ಲ. ಆದರೆ ಅಲ್ಲಿ ಒಂದು ಮಗುವಿಗೆ ನನ್ನ ಕೈಯಿಂದ ಆಗಬೇಕಿದ್ದ ಶುಭದ ಕೆಲಸವೊಂದು ಆಗಲಿಲ್ಲ. ಆ ಮನೆಯವರು ಪ್ರೀತಿಯಿಂದ ಕರೆದರು, ನಾನು ಹಿಂದೆ ಸರಿದೆ. ನಿಮ್ಮ ತಾತ ಹೋದಮೇಲೆ ನಾನು ಆರತಿ ತಟ್ಟೆಯ ಹತ್ತಿರ ಸುಳಿಯುವುದಿಲ್ಲ, ಮದುವೆ ಮನೆಯಲ್ಲಿ ಮುಂದಿನ ಸಾಲಿನಲ್ಲಿ ಕೂರುವುದಿಲ್ಲ, ನೀವು ನೋಡಿದ್ದೀರಿ. ಇಲ್ಲಿ ಅದನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಅಲ್ಲಿ ಅದು ದೊಡ್ಡದಾಯಿತು. ಅದನ್ನೇ ಹೇಳಬೇಕಾಗಿದೆ.

ಚಂದ್ರಾ ಲೇಔಟ್

ಹೋಗಬೇಕಿದ್ದದ್ದು ನಾನಲ್ಲ. ನಿಮ್ಮ ಅಮ್ಮ ರೇಖಾಳ ಶಾಲೆಯ ಸ್ನೇಹಿತೆ ಹೋಗಬೇಕಿತ್ತು. ಆಕೆ ಮಾರೇನಹಳ್ಳಿಯ ತಿರುವಿನಲ್ಲಿ ಸ್ಕೂಟರಿನಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಳು. ಆ ಸಂಜೆ ರೇಖಾ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದವಳು ಇದ್ದಕ್ಕಿದ್ದಂತೆ, "ಅತ್ತೆ, ನೀವೇ ಬನ್ನಿ" ಎಂದಳು.

"ನಾನಾ? ತಲೆ ಕೆಟ್ಟಿದೆಯಾ ನಿಂಗೆ?"

"ಕಲ್ಲುಬೆಟ್ಟದ ಬುಡದಲ್ಲಿ ಹುಟ್ಟಿದೋರು ನೀವು. ಸೌದೆಗೆ ಅಂತ ದಿನಾ ಗುಡ್ಡ ಹತ್ತುತ್ತಿದ್ದೆ ಅಂತ ನೀವೇ ಹೇಳ್ತೀರಲ್ಲ."

"ಅದು ಲಂಗ ಹಾಕ್ಕೊಂಡಿದ್ದಾಗ ಕಣೇ."

"ಈಗ ಪ್ಯಾಂಟ್ ಹಾಕ್ಕೊಳ್ಳಿ."

ನಿಮ್ಮ ಅಪ್ಪ ಮಂಜು ಟಿವಿಯಿಂದ ಕಣ್ಣು ತೆಗೆಯದೆ, "ಹೋಗಮ್ಮ, ಮಕ್ಕಳನ್ನ ನಾನು ನೋಡ್ಕೋತೀನಿ" ಎಂದ. ಅವನು ಅಷ್ಟು ಸುಲಭವಾಗಿ ಒಪ್ಪಿದ್ದು ನೋಡಿ ನನಗೆ ಸ್ವಲ್ಪ ಬೇಜಾರೂ ಆಯಿತು.

ಪ್ಯಾಂಟು ಹಾಕಿ ಅಭ್ಯಾಸವಾಗಲೆಂದು ದೀಪ ಹಚ್ಚಿದ ಮೇಲೆ, ಕತ್ತಲಾಗುವ ಹೊತ್ತಿಗೆ ಮಾತ್ರ ಬೀದಿಗೆ ಇಳಿಯುತ್ತಿದ್ದೆ. ಬೆನ್ನಿನ ಚೀಲಕ್ಕೆ ಅಕ್ಕಿ ತುಂಬಿಕೊಂಡು ಪಾರ್ಕು ಸುತ್ತಬೇಕೆಂದು ರೇಖಾಳ ಅಪ್ಪಣೆ. ಎದುರುಮನೆಯ ಸರೋಜಮ್ಮ ಗೇಟಿನಲ್ಲಿ ನಿಂತು, "ಏನ್ರೀ ಜಯಮ್ಮ, ಈ ವಯಸ್ಸಲ್ಲಿ ಮತ್ತೆ ಸ್ಕೂಲಿಗೆ ಸೇರ್ಕೊಂಡ್ರಾ?" ಎಂದರು. ಪಕ್ಕದಲ್ಲಿದ್ದ ರೇಖಾಳೇ, "ಇಲ್ಲ ಆಂಟಿ, ಅಕ್ಕಿಗೆ ಮನೇಲಿ ಬೇಜಾರಂತೆ, ಗಾಳಿಗೆ ಕರ್ಕೊಂಡು ಬಂದಿದಾರೆ" ಎಂದಳು. ಭಾನುವಾರಗಳಲ್ಲಿ ರಾಮನಗರದ ಬಂಡೆಗಳ ಮೇಲೆ ಹತ್ತಿಳಿದೆವು. ನನ್ನ ಕಾಲು ಕಲ್ಲನ್ನು ಮರೆತಿರಲಿಲ್ಲ.

ಬಿಷ್ಕೆಕ್

ಅದು ಆ ದೇಶದ ರಾಜಧಾನಿ. ಬೀದಿಯ ಎರಡೂ ಕಡೆ ದೊಡ್ಡ ಮರಗಳು, ಮರಗಳ ಬುಡದಲ್ಲಿ ಸಣ್ಣ ಕಾಲುವೆ, ಅದರಲ್ಲಿ ಬೆಟ್ಟದ ಹಿಮ ಕರಗಿದ ನೀರು. ನಮ್ಮ ಮೋರಿಯ ಜಾಗದಲ್ಲಿ ಅವರಿಗೆ ಹೊಳೆ ಇದೆ. ಬಸ್ಸು ಹತ್ತಿದರೆ ಹುಡುಗರು ಪಟಕ್ಕನೆ ಎದ್ದು ಜಾಗ ಕೊಟ್ಟರು. ನಾನು ಬೇಡವೆಂದು ಕೈಯಾಡಿಸಿ ಕಂಬ ಹಿಡಿದು ನಿಂತೆ. ಎದ್ದ ಹುಡುಗ ಕೂರಲೂ ಇಲ್ಲ, ನಾನೂ ಕೂರಲಿಲ್ಲ. ಇಳಿಯುವವರೆಗೂ ಆ ಸೀಟು ಖಾಲಿಯಾಗಿ ನಮ್ಮಿಬ್ಬರ ನಡುವೆ ಕುಣಿಯುತ್ತಾ ಬಂತು.

ನಮ್ಮನ್ನು ಕರೆದುಕೊಂಡು ಹೋಗುವವಳ ಹೆಸರು ಆಯ್‌ಗುಲ್. ರೇಖಾಳಿಗಿಂತ ಚಿಕ್ಕವಳು, ಕೆಂಪು ಕೆನ್ನೆ, ಗಂಡಸಿನ ನಡಿಗೆ. ಇಂಗ್ಲಿಷ್ ಮಾತಾಡುತ್ತಾಳೆ. ಅವಳು ಹೇಳಿದ್ದನ್ನು ರೇಖಾ ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ನನ್ನನ್ನು ನೋಡಿದ ಕ್ಷಣದಿಂದ ಅವಳು "ಅಪಾ" ಎಂದು ಕರೆದಳು. ಹಿರಿಯ ಹೆಂಗಸರನ್ನು ಅವರು ಹಾಗೆ ಕರೆಯುತ್ತಾರಂತೆ. ನಮ್ಮ ಜೊತೆಗಿದ್ದ ಇನ್ನೊಬ್ಬರು ಪ್ರಭಾಕರ ಮೇಷ್ಟ್ರು, ರಾಜರಾಜೇಶ್ವರಿನಗರದವರು, ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತರಾದವರು. ದೊಡ್ಡ ದೇಹ, ಅದಕ್ಕಿಂತ ದೊಡ್ಡ ಮಾತು. ಇಷ್ಟೇ ಜನ, ನಾವು ನಾಲ್ವರು.

ಮೊದಲ ಬಿಡಾರ

ಜೀಪು ನಮ್ಮನ್ನು ಒಂದು ಹೊಳೆಯ ಹತ್ತಿರ ಇಳಿಸಿ ಹೋಯಿತು. ಅಲ್ಲೇ ಟೆಂಟು ಹಾಕಿದೆವು. ಆಯ್‌ಗುಲ್ ಪುಟ್ಟ ಸ್ಟೌವಿನ ಮೇಲೆ ಆಲೂಗಡ್ಡೆ, ಕ್ಯಾರೆಟ್ ಹಾಕಿ ಸಾರಿನಂಥದ್ದು ಮಾಡಿದಳು. ನಮ್ಮ ಮನೆಯಲ್ಲಿ ಮಾಂಸ ಮಾಡುವುದಿಲ್ಲವೆಂದು ಅವಳಿಗೆ ಮೊದಲೇ ಹೇಳಿದ್ದೆವು. ನಾಲ್ಕು ಬಟ್ಟಲಿಗೆ ಬಡಿಸಿ, ಮಧ್ಯೆ ರೊಟ್ಟಿಯಿಟ್ಟಳು. ನಾನು ಎಂದಿನಂತೆ ಎಲ್ಲರೂ ತಿನ್ನಲಿ ಎಂದು ಕಾದೆ. ಯಾರೂ ತಿನ್ನಲಿಲ್ಲ. ಆಯ್‌ಗುಲ್ ನನ್ನನ್ನೇ ನೋಡುತ್ತಿದ್ದಳು. ಪರದೇಶದವರು ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡುತ್ತಾರೇನೋ ಎಂದುಕೊಂಡು ನಾನು ತಲೆ ತಗ್ಗಿಸಿದೆ. ಅವಳೂ ತಲೆ ತಗ್ಗಿಸಿದಳು. ಸಾರಿನ ಮೇಲೆ ಕೆನೆ ಕಟ್ಟಿತು.

ಕೊನೆಗೆ ರೇಖಾ ಕೇಳಿ ತಿಳಿದುಕೊಂಡಳು. ಅಲ್ಲಿ ಎಲ್ಲರಿಗಿಂತ ಹಿರಿಯರು ರೊಟ್ಟಿ ಮುರಿದು ಬಾಯಿಗಿಡುವವರೆಗೆ ಬೇರೆ ಯಾರೂ ಕೈ ಹಾಕುವುದಿಲ್ಲವಂತೆ. ಮೇಷ್ಟ್ರಿಗಿಂತ ನಾನು ಸ್ವಲ್ಪ ದೊಡ್ಡವಳು.

"ಜಯಮ್ನೋರೇ, ಕೈ ಮುಗೀತೀನಿ, ಒಂದು ತುತ್ತು ಬಾಯಿಗೆ ಹಾಕ್ಕೊಳ್ಳಿ" ಎಂದರು ಮೇಷ್ಟ್ರು. "ಇಲ್ಲಾಂದ್ರೆ ನಾವು ಮೂರು ಜನ ಇಲ್ಲೇ ಉಪವಾಸ ಸಾಯ್ತೀವಿ, ನೀವೊಬ್ರೇ ವಾಪಸ್ ಹೋಗ್ಬೇಕಾಗುತ್ತೆ."

ಬಡಿಸಿ, ಎಲ್ಲರದೂ ಆದಮೇಲೆ ತಳದಲ್ಲಿ ಉಳಿದದ್ದನ್ನು ತಿಂದು ಬದುಕಿದವಳು ನಾನು. ಎಲ್ಲರ ಕಣ್ಣೆದುರಿಗೆ ಮೊದಲ ತುತ್ತು ತಿನ್ನುವುದು ನನಗೆ ಬೆತ್ತಲೆ ನಿಂತಂತಾಯಿತು. ಆ ಪ್ರವಾಸದುದ್ದಕ್ಕೂ ದಿನಾ ಅದೇ ಶಿಕ್ಷೆ. ದಿನಗಳೆದಂತೆ ಬೇಗ ಬೇಗ ತಿನ್ನಲು ಕಲಿತೆ, ಅಷ್ಟೇ.

ಇನ್ನೊಂದು ಕಷ್ಟವನ್ನೂ ಬರೆದುಬಿಡುತ್ತೇನೆ, ಚಿನ್ಮಯ ನಗುತ್ತಾನೆಂದು ಗೊತ್ತು. ಆ ಬೆಟ್ಟಗಳಲ್ಲಿ ಒಂದು ಮರವಿಲ್ಲ, ಒಂದು ಪೊದೆಯಿಲ್ಲ. ಬೆಳಿಗ್ಗೆ ಎದ್ದು ಮರೆಗೆ ಹೋಗಲು ಮರೆಯೇ ಇಲ್ಲ. ಹೆಂಗಸರು ದಿಬ್ಬದ ಎಡಕ್ಕೆ, ಗಂಡಸರು ಬಲಕ್ಕೆ ಎಂದು ಆಯ್‌ಗುಲ್ ನಿಯಮ ಮಾಡಿದಳು. ನಾನು ಚಿಕ್ಕ ಸಲಿಕೆ ಹಿಡಿದು ಎಡಕ್ಕೆ ಹೋಗಿ ಕೂತರೆ ಹಿಂದಿನಿಂದ ಕುಕ್ಕರ್ ಕೂಗಿದಂತೆ ವಿಷಲ್ ಕೇಳಿಸಿತು. ತಿರುಗಿ ನೋಡಿದರೆ ಬೆಕ್ಕಿಗಿಂತ ದೊಡ್ಡ ಅಳಿಲಿನಂಥ ಪ್ರಾಣಿಗಳು ಬಿಲದ ಬಾಯಲ್ಲಿ ಎರಡು ಕಾಲಿನ ಮೇಲೆ ನಿಂತು, ಕೈ ಕಟ್ಟಿಕೊಂಡು ನನ್ನನ್ನೇ ನೋಡುತ್ತಿದ್ದವು.

ದಾರಿ ಮುಗಿದ ಜಾಗ

ಎರಡನೆಯ ದಿನ ಕುರಿಗಾಹಿಗಳ ಕಾಲುದಾರಿಯೂ ಮುಗಿಯಿತು. ಮುಂದೆ ಬರೀ ಹುಲ್ಲಿನ ಇಳಿಜಾರು, ಅದರ ಮೇಲೆ ಕಲ್ಲು, ಅದರ ಮೇಲೆ ಹಿಮ. ನಾನು ರೇಖಾಳ ಹಿಂದೆ, ಅವಳ ಹೆಜ್ಜೆಯ ಮೇಲೆ ಹೆಜ್ಜೆಯಿಡುತ್ತಾ ನಡೆಯತೊಡಗಿದೆ. ಆಯ್‌ಗುಲ್ ನಿಲ್ಲಿಸಿದಳು. ಇಲ್ಲಿ ಒಬ್ಬರ ಹಿಂದೆ ಒಬ್ಬರು ನಡೆಯಬಾರದಂತೆ. ಈ ಎತ್ತರದಲ್ಲಿ ಹುಲ್ಲು ಬಹಳ ನಿಧಾನವಾಗಿ ಬೆಳೆಯುತ್ತದೆ. ನಾಲ್ಕು ಜನ ಒಂದೇ ಕಡೆ ತುಳಿದರೆ ಅಲ್ಲಿ ಗಾಯವಾಗುತ್ತದೆ, ಮುಂದಿನವರೂ ಅಲ್ಲೇ ತುಳಿಯುತ್ತಾರೆ, ಮಳೆ ನೀರು ಹರಿದು ಕೊರಕಲಾಗುತ್ತದೆ. ಅದಕ್ಕೆ ಎಲ್ಲರೂ ಅಗಲವಾಗಿ ಹರಡಿಕೊಂಡು, ತಮ್ಮ ತಮ್ಮ ಜಾಗ ನೋಡಿಕೊಂಡು ನಡೆಯಬೇಕು.

"ನೀವು ಆ ಕಡೆ, ಅಪಾ" ಎಂದು ಕೈ ತೋರಿಸಿದಳು.

ನನಗೆ ಮುಂದೆ ಯಾರೂ ಇಲ್ಲ. ಕಾಲು ಎಲ್ಲಿಡಬೇಕೆಂದು ನಾನೇ ನೋಡಬೇಕು. ಮೊದಲು ಊರುಗೋಲಿನಿಂದ ನೆಲ ತಟ್ಟಿ ತಟ್ಟಿ ನೋಡಿದೆ. ಆಮೇಲೆ, ನಿಜ ಹೇಳುತ್ತೇನೆ, ಮನಸ್ಸು ಹಗುರಾಯಿತು. ಸಣ್ಣ ಹಳದಿ ಹೂಗಳನ್ನು ಬಳಸಿಕೊಂಡು, ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತಾ, ಸೌದೆಗೆ ಹೋಗುತ್ತಿದ್ದ ಹುಡುಗಿಯಂತೆ ನಡೆದೆ. ಒಮ್ಮೆ ತಿರುಗಿ ನೋಡಿದರೆ ಮೂವರೂ ನನಗಿಂತ ಕೆಳಗಿದ್ದರು. ನಿಮ್ಮ ತಾತ ರಾಜಾಜಿನಗರದ ವರ್ಕ್‌ಶಾಪಿನಲ್ಲಿ ಲೇತಿನ ಮುಂದೆ ನಿಂತೇ ವಯಸ್ಸು ಕಳೆದರು. ಒಂದು ಸಲವಾದರೂ ಇಂಥ ಕಡೆ ಗಾಳಿ ಕುಡಿಸಬೇಕಿತ್ತು. ಆ ಆಸೆ ಅವರಿದ್ದಾಗ ನನಗೆ ಹುಟ್ಟಲೇ ಇಲ್ಲ.

ಜಾರುವ ಕಲ್ಲು

ಅದಾದ ಮೇಲೆ ಒಂದು ಏರು. ಉದ್ದಕ್ಕೂ ಒಡೆದ ಕಲ್ಲು, ಜಲ್ಲಿ ಸುರಿದಂತೆ. ಒಂದು ಹೆಜ್ಜೆ ಹತ್ತಿದರೆ ಅರ್ಧ ಹೆಜ್ಜೆ ಜಾರುತ್ತದೆ. ಒಬ್ಬರ ನೇರ ಕೆಳಗೆ ಇನ್ನೊಬ್ಬರು ಇರಬಾರದು, ಕಲ್ಲು ಉರುಳಿದರೆ ಕೂಗಬೇಕು. ಮೇಷ್ಟ್ರು ಎಲ್ಲಾ ಕಲ್ಲಿಗೂ ಕೂಗುತ್ತಿದ್ದರು. ಹಾಗೇ ಒಮ್ಮೆ ಅವರ ಬಾಯಿಂದ ಬೇರೆ ಥರದ ಕೂಗು ಬಂತು. ಅವರ ಬೂಟಿನ ಅಡಿ ಪೂರ್ತಿ ಕಿತ್ತು ಬಂದು ಮೊಸಳೆ ಬಾಯಿಯಂತೆ ತೆರೆದುಕೊಂಡಿತ್ತು. ಬೀರುವಿನಲ್ಲಿ ವರ್ಷಗಟ್ಟಲೆ ಇಟ್ಟಿದ್ದ ಬೂಟು, ಅಂಟು ಒಣಗಿ ಹೋಗಿತ್ತು.

"ಕೆಮಿಸ್ಟ್ರಿ ಮೇಷ್ಟ್ರು ನೀವು, ಅಂಟು ಒಣಗುತ್ತೆ ಅಂತ ಗೊತ್ತಾಗ್ಲಿಲ್ವಾ ಸಾರ್?" ಎಂದಳು ರೇಖಾ.

"ಪಾಠ ಮಾಡಿದ್ದೆಲ್ಲ ನೆನಪಿಟ್ಕೊಂಡಿದ್ರೆ ನಾನ್ಯಾಕಮ್ಮ ಇಲ್ಲಿಗೆ ಬರ್ತಿದ್ದೆ?"

ಬಟ್ಟೆ ಒಣಹಾಕಲೆಂದು ನಾನು ತಂದಿದ್ದ ನೀಲಿ ನೈಲಾನ್ ಹಗ್ಗ ಚೀಲದಲ್ಲಿತ್ತು. ಬಂಡೆಯ ಮೇಲೆ ಅವರನ್ನು ಕೂರಿಸಿ, ಬೂಟನ್ನು ಸುತ್ತಿ ಸುತ್ತಿ ಕಟ್ಟಿದೆ. ಅಲ್ಲಿಂದ ಮುಂದೆ ಅವರು ಒಂದು ಕಾಲು ಎಳೆದುಕೊಂಡೇ ನಡೆದರು.

ಬುರುಲ್ ಅಪಾ ಅವರ ಗುಡಾರ

ಏರು ದಾಟಿ, ಅದರ ಆಚೆಯ ಕಣಿವೆಗೆ ಇಳಿದಾಗ ಮಧ್ಯಾಹ್ನ ತಿರುಗಿತ್ತು. ಕೆಲವು ದಿನಗಳ ನಂತರ ಮೊದಲ ಸಲ ಮನುಷ್ಯರ ಸುಳಿವು ಕಂಡಿತು. ಉಣ್ಣೆಯ ಕಂಬಳಿ ಹೊದಿಸಿದ ಗುಂಡನೆಯ ಗುಡಾರ, ಹೊಗೆ, ಕುದುರೆಗಳು. ಬೇಸಿಗೆಯಲ್ಲಿ ಕುದುರೆ ಮೇಯಿಸಲು ಅಷ್ಟು ಎತ್ತರಕ್ಕೆ ಬರುವ ಮನೆಯವರು. ಬುರುಲ್ ಎಂಬ ಮುದುಕಿ, ಅವರ ಮಗ, ಸೊಸೆ, ಒಂದು ಹೆಣ್ಣು ಮಗು. ಮಗುವಿನ ಹೆಸರು ಆಯ್‌ಪೆರಿ. ಕೆನ್ನೆ ಬಿಸಿಲಿಗೆ ಸುಟ್ಟು ಟೊಮೇಟೊ ಹಣ್ಣಿನಂತೆ ಆಗಿತ್ತು.

ನಾನು ಬಾಗಿಲ ಹತ್ತಿರವೇ ಕೂತೆ. ಬುರುಲ್ ಅಪಾ ನನ್ನ ತೋಳು ಹಿಡಿದೆಬ್ಬಿಸಿ, ಬಾಗಿಲಿಗೆ ಎದುರಾಗಿ ಒಳಗಿನ ಕೊನೆಯಲ್ಲಿ, ದೊಡ್ಡವರು ಕೂರುವ ಜಾಗದಲ್ಲಿ ಕೂರಿಸಿದರು. ರೊಟ್ಟಿ, ಕೆನೆ, ಜಾಮು ಬಂತು. ಕುದುರೆ ಹಾಲಿನ ಹುಳಿ ಪಾನೀಯ ಬಂತು. ಮೂರು ದಿನದ ಮಜ್ಜಿಗೆಗೆ ಹೊಗೆ ಹಾಕಿದಂತಿತ್ತು. ಕಣ್ಣು ಮುಚ್ಚಿ ಒಂದು ಗುಟುಕು ಕುಡಿದೆ.

ಎಲ್ಲಿಂದ ಬಂದಿರಿ ಎಂದು ಕೇಳಿದರು. ಆಯ್‌ಗುಲ್ ನಾವು ಇಳಿದು ಬಂದ ಏರನ್ನು ತೋರಿಸಿದಳು. ಮುದುಕಿ ಬಾಯ ಮೇಲೆ ಕೈಯಿಟ್ಟುಕೊಂಡು ನಕ್ಕರು. ಅಲ್ಲಿಂದ ತಮ್ಮ ಕುದುರೆಗಳೂ ಇಳಿಯುವುದಿಲ್ಲವಂತೆ. ಆಮೇಲೆ ನಗು ನಿಲ್ಲಿಸಿ ನನ್ನ ಕಾಲನ್ನೇ ಸ್ವಲ್ಪ ಹೊತ್ತು ನೋಡಿದರು. ಸೊಸೆಗೆ ಏನೋ ಹೇಳಿದರು. ಸೊಸೆ ಕಪ್ಪು ಬಿಳುಪು ಉಣ್ಣೆ ಹೊಸೆದ ಒಂದು ದಾರ ತಂದಳು. ಅದನ್ನು ಆಯ್‌ಪೆರಿಯ ಎರಡು ಕಾಲುಗಳಿಗೂ ಸೇರಿಸಿ ಸಡಿಲವಾಗಿ ಕಟ್ಟಿದರು. ಮಗು ಅಜ್ಜಿಯ ಬೆರಳು ಹಿಡಿದು ನಿಂತಿತ್ತು.

ಆಯ್‌ಗುಲ್ ಹೇಳಿದ್ದನ್ನು ರೇಖಾ ನನಗೆ ಹೇಳಿದಳು. ಮಗು ನಡೆಯಲು ಶುರುಮಾಡುವ ಹೊತ್ತಿಗೆ ಅವರಲ್ಲಿ ಇದೊಂದು ಶಾಸ್ತ್ರ. ಕಾಲಿಗೆ ದಾರ ಕಟ್ಟಿ ಕತ್ತರಿಸುತ್ತಾರೆ. ಇನ್ನು ಮುಂದೆ ಮಗು ಎಡವುವುದಿಲ್ಲ. ಊರಿನಲ್ಲಾದರೆ ಮಕ್ಕಳನ್ನು ಓಡಿಸಿ, ಗೆದ್ದ ಮಗುವಿನ ಕೈಗೆ ಚಾಕು ಕೊಡುತ್ತಾರೆ. ಕತ್ತರಿಸಿದವರ ನಡಿಗೆ ಮಗುವಿಗೆ ಬರುತ್ತದೆಂದು ನಂಬಿಕೆ. ಇಲ್ಲಿ ಬೇರೆ ಮಕ್ಕಳಿಲ್ಲ. ಯಾರಾದರೂ ಬರಲಿ ಎಂದು ಬುರುಲ್ ಅಪಾ ಕಾಯುತ್ತಿದ್ದರು. ದಾರಿಯಿಲ್ಲದ ಬೆಟ್ಟವನ್ನು ಈ ವಯಸ್ಸಿನಲ್ಲಿ ನಡೆದು ದಾಟಿದವರು ಸಿಕ್ಕಿದ್ದಾರೆ. ತಮ್ಮ ಮೊಮ್ಮಗಳಿಗೆ ಈ ಕಾಲು ಬರಲಿ.

ಹಾಗೆಂದು ಅವರು ಸಣ್ಣ ಚಾಕುವಿನ ಹಿಡಿಯನ್ನು ನನ್ನ ಕಡೆ ಮಾಡಿ ಚಾಚಿದರು.

ಮಗುವಿನ ಕಾಲು, ಮಗುವಿನ ನಡಿಗೆ, ನನ್ನ ಕೈ. ಬೇರೇನೂ ತೋಚಲಿಲ್ಲ. "ನಾನು ಬೇಡಮ್ಮ, ನಾನು ಬೇಡ" ಎನ್ನುತ್ತಾ ಎದ್ದು, ಎಲ್ಲರನ್ನೂ ದಾಟಿಕೊಂಡು ಬಾಗಿಲಿನವರೆಗೆ ಬಂದುಬಿಟ್ಟೆ.

"ಅತ್ತೆ, ಏನಿದು? ತಗೊಳ್ಳಿ" ಎಂದಳು ರೇಖಾ.

ಏಕೆ ಬೇಡ ಎಂದು ಆಯ್‌ಗುಲ್ ಕೇಳಿದಳು. ರೇಖಾ ಹೇಳಲು ಬಾಯಿ ತೆರೆದಳು. ಆ ಮುದುಕಿಗೆ ವಿಷಯ ಗೊತ್ತಾದರೆ ತಾವೇ ಚಾಕು ಹಿಂದಕ್ಕೆ ಎಳೆದುಕೊಳ್ಳುತ್ತಾರೆಂದು ನನಗೆ ಭಯ. ಅದನ್ನು ನೋಡುವ ಶಕ್ತಿ ನನಗಿರಲಿಲ್ಲ.

"ಹೇಳ್ಬೇಡ ಕಣೇ, ನಿನ್ನ ದಮ್ಮಯ್ಯ. ಕೈ ನೋವು ಅಂತ ಹೇಳು."

ರೇಖಾ ನನ್ನನ್ನು ಒಂದು ಸಲ ನೋಡಿ, ಹಾಗೇ ಹೇಳಿದಳು.

ಬುರುಲ್ ಅಪಾ ಅವರ ಮುಖವೇ ಬದಲಾಯಿತು. ಚಾಕು ಕೆಳಗಿಟ್ಟರು. ನನ್ನ ಬಲಗೈ ಹಿಡಿದು ಒಲೆಯ ಹತ್ತಿರ ಕೂರಿಸಿಕೊಂಡು ಒಂದೊಂದೇ ಬೆರಳು ಒತ್ತಿ ಒತ್ತಿ, ಇಲ್ಲಿ ನೋವಾ, ಇಲ್ಲಿ ನೋವಾ ಎಂದು ಕಣ್ಣಿನಲ್ಲೇ ಕೇಳಿದರು. ನಾನು ಎಲ್ಲೋ ಒಂದು ಕಡೆ ತಲೆಯಾಡಿಸಿದೆ. ಡಬ್ಬಿಯಿಂದ ಕುರಿಯ ಬಾಲದ ಕೊಬ್ಬು ತೆಗೆದು, ಬೆಂಕಿಗೆ ಹಿಡಿದು ಕರಗಿಸಿ, ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ತಿಕ್ಕಿದರು. ಆ ವಾಸನೆಗೆ ಮುಖ ಪಕ್ಕಕ್ಕೆ ತಿರುಗಿಸಿದೆ. ಆದರೆ ಅವರ ಕೈ ಎಷ್ಟು ಬೆಚ್ಚಗಿತ್ತೆಂದರೆ, ನೋವಿಲ್ಲದ ಕೈಗೂ ಹಿತವಾಯಿತು. ಮೇಲೆ ಉಣ್ಣೆಯ ಬಟ್ಟೆ ಸುತ್ತಿದರು.

ಮಗುವಿನ ಕಾಲಿನ ದಾರ ಬಿಚ್ಚಿದರು. ಇವತ್ತು ಇಲ್ಲೇ ಮಲಗಿ, ಬೆಳಿಗ್ಗೆ ಕೈ ಹಗುರಾಗುತ್ತದೆ, ಆಗ ಕತ್ತರಿಸಿದರಾಯಿತು ಎಂದರು. ಎಲ್ಲರಿಗೂ ಸಮಾಧಾನವಾಯಿತು. ಮೇಷ್ಟ್ರಂತೂ ಕಾಲು ನೀಡಿಕೊಂಡು, "ಒಳ್ಳೆ ಕೈ ನೋವು ತಂದ್ರಿ ಜಯಮ್ನೋರೇ, ನನ್ನ ಕಾಲಿಗೆ ರಜ ಸಿಕ್ತು" ಎಂದರು.

ಟೆಂಟಿನೊಳಗೆ

ಗುಡಾರದ ಪಕ್ಕದಲ್ಲೇ ನಮ್ಮ ಟೆಂಟು. ಇನ್ನೂ ಬೆಳಕಿತ್ತು. ರೇಖಾ ಕಾಲುಚೀಲ ಕಳಚುತ್ತಾ ಕೇಳಿದಳು.

"ಬೆಳಿಗ್ಗೆ ಅಷ್ಟು ಭಾರದ ಬ್ಯಾಗ್ ಎತ್ತಿ ಹಾಕ್ಕೊಂಡಿದ್ದು ಯಾವ ಕೈಯಲ್ಲಿ ಅತ್ತೆ?"

ಉಣ್ಣೆ ಸುತ್ತಿದ ಕೈಯನ್ನು ಮಡಿಲಿಗೆ ಎಳೆದುಕೊಂಡೆ.

"ಆ ಅಜ್ಜಿ ಗಂಡ ತೀರ್ಕೊಂಡು ಬಹಳ ವರ್ಷ ಆಯ್ತಂತೆ. ಆಯ್‌ಗುಲ್ ಹೇಳಿದ್ಲು. ಅವರಲ್ಲಿ ಇದಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ. ನೀವು ಹೇಳಿದ್ರೂ ಅವರಿಗೆ ಅರ್ಥ ಆಗ್ತಿರಲಿಲ್ಲ."

"ಅವರಲ್ಲಿ ಇಲ್ಲದಿರಬಹುದು. ನನ್ನಲ್ಲಿ ಇದೆಯಲ್ಲ. ಮಗುವಿನ ಕಾಲಿನ ವಿಷಯ ಕಣೇ. ನಾಳೆ ಏನಾದ್ರೂ ಆದ್ರೆ?"

"ಇಂಪೂನ ತೊಟ್ಟಿಲಿಗೆ ಹಾಕೋ ದಿನಾನೂ ಇದೇನಾ ಯೋಚನೆ ಮಾಡಿದ್ದು?" ಅವಳ ಧ್ವನಿ ಸಣ್ಣದಾಯಿತು. "ಎಷ್ಟು ಸಲ ನಿಮ್ಮನ್ನ ಹುಡುಕಿದೆ ಗೊತ್ತಾ? ನಮ್ಮಮ್ಮ ಇಲ್ಲ. ಮಗೂನ ಮೊದಲು ನಿಮ್ಮ ಕೈಯಿಂದ ಮಲಗಿಸ್ಬೇಕು ಅಂತ ಆಸೆ ಇತ್ತು. ನೀವು ಅಡುಗೆಮನೇಲಿ ಒಗ್ಗರಣೆ ಹಾಕ್ತಾ ಇದ್ರಿ. ಅಡುಗೆಯವರು ಬಂದಿದ್ರು ಅತ್ತೆ. ನಿಮಗೇನಿತ್ತು ಅಲ್ಲಿ ಒಗ್ಗರಣೆ ಕೆಲಸ? ಯಾರಾದ್ರೂ ಬರಬೇಡಿ ಅಂದ್ರಾ?"

"ಯಾರೂ ಅನ್ನಲಿಲ್ಲಮ್ಮ."

"ಮತ್ತೆ?"

"ಯಾರಾದ್ರೂ ಅನ್ನೋಕೆ ಮುಂಚೆ ನಾನೇ ಸರಿದುಬಿಡ್ತೀನಿ. ಅನ್ನಿಸಿಕೊಳ್ಳೋದಕ್ಕಿಂತ ಅದು ವಾಸಿ."

ಇಂಪು, ನಿನ್ನ ಅಮ್ಮನಿಗೆ ಹಾಗೊಂದು ಆಸೆಯಿತ್ತೆಂದು ನನಗೆ ಗೊತ್ತಾದದ್ದು ಆ ಪರದೇಶದ ಬೆಟ್ಟದಲ್ಲಿ. ಅವಳು ಅಷ್ಟು ವರ್ಷ ನನಗೆ ನೋವಾಗದಿರಲಿ ಎಂದು ಹೇಳದೆ ಇದ್ದಳು. ನಾನು ಹಿಂದೆ ಸರಿದರೆ ಯಾರಿಗೂ ಏನೂ ಆಗುವುದಿಲ್ಲ ಎಂದುಕೊಂಡಿದ್ದೆ. ನಾನಿಲ್ಲದ ಜಾಗ ಅವಳಿಗೆ ಕಾಣುತ್ತಿತ್ತು.

ಮಲಗುವ ಮುನ್ನ ನಿಶ್ಚಯಿಸಿದೆ. ಬೆಳಿಗ್ಗೆ ಕತ್ತರಿಸುತ್ತೇನೆ.

ಬೆಳಿಗ್ಗೆ

ಎದ್ದವಳೇ ಹೊಳೆಗೆ ಹೋದೆ. ಉಣ್ಣೆ ಬಟ್ಟೆ ಬಿಚ್ಚಿ, ಸೋಪು ಹಾಕಿ, ಕೊಬ್ಬಿನ ವಾಸನೆ ಹೋಗುವವರೆಗೆ ಕೈ ತೊಳೆದೆ. ನೀರು ಸೂಜಿ ಚುಚ್ಚಿದಂತಿತ್ತು. ಚೀಲದ ತಳದಲ್ಲಿದ್ದ ಒಗೆದ ಕುರ್ತಾ ಹಾಕಿಕೊಂಡೆ, ತಲೆ ಬಾಚಿಕೊಂಡೆ. ಪಶ್ಚಿಮದ ಕಡೆ ಆಕಾಶ ಕಪ್ಪಾಗಿತ್ತು. ಆಯ್‌ಗುಲ್ ಆಗಲೇ ಟೆಂಟು ಕಳಚುತ್ತಿದ್ದಳು. ಹಿಮ ಬರುತ್ತದೆ, ಬೇಗ ಇಳಿಯಬೇಕು ಎಂದು ಸನ್ನೆ ಮಾಡಿದಳು.

ನಾನು ಗುಡಾರದ ಕಡೆ ಹೆಜ್ಜೆ ಹಾಕುತ್ತಿದ್ದಂತೆ ಒಳಗಿನಿಂದ ಮೇಷ್ಟ್ರು ಬಂದರು. ಕಣ್ಣು ಒರೆಸಿಕೊಳ್ಳುತ್ತಾ ನಗುತ್ತಿದ್ದರು.

"ಜಯಮ್ನೋರೇ, ನಿಮ್ಮ ಕೆಲಸ ನಾನು ಮಾಡ್ಬಿಟ್ಟೆ ನೋಡಿ. ಒಂದೊಂದೇ ಎಳೆ ಕುಯ್ದೆ. ಚಾಕು ಎಲ್ಲಿ ಮಗುಗೆ ತಾಗುತ್ತೋ ಅಂತ."

ನಾನು ತೊಳೆದ ಕೈಯನ್ನು ಕುರ್ತಾಕ್ಕೆ ಒರೆಸಿಕೊಂಡೆ.

"ಹಿಮ ಬೀಳೋದ್ರೊಳಗೆ ಮಗ ಕುದುರೆಗಳನ್ನ ಕೆಳಗೆ ಹೊಡ್ಕೊಂಡು ಹೋಗ್ಬೇಕಂತೆ. ಅಪ್ಪ ಇರೋವಾಗ್ಲೇ ಆಗ್ಲಿ ಅಂತ ನನ್ನ ಕರೆದ್ರು." ಅವರು ನೀಲಿ ಹಗ್ಗ ಸುತ್ತಿದ ತಮ್ಮ ಬೂಟನ್ನು ಎತ್ತಿ ತೋರಿಸಿದರು. "ಪಾಪ, ಆ ಮಗು ನನ್ನ ಥರ ಕಾಲೆಳ್ಕೊಂಡು ಹೋಗದಿದ್ರೆ ಸಾಕು."

ಅವರ ಖುಷಿ ನಿಜವಾದದ್ದು. ಅದಕ್ಕೆ ನಾನೂ ನಕ್ಕೆ. ನಕ್ಕೆ ಎಂದುಕೊಂಡಿದ್ದೇನೆ.

ಒಳಗೆ ಜಮಖಾನದ ಮೇಲೆ ಕಪ್ಪು ಬಿಳುಪು ದಾರ ಎರಡು ತುಂಡಾಗಿ ಬಿದ್ದಿತ್ತು. ಆಯ್‌ಪೆರಿ ಅಮ್ಮನ ಮಡಿಲಿನಲ್ಲಿ ರೊಟ್ಟಿ ಚೀಪುತ್ತಿದ್ದಳು. ಬುರುಲ್ ಅಪಾ ನನ್ನ ಬರಿಗೈ ನೋಡಿ ಗದರಿದರು. ಚಳಿಯಲ್ಲಿ ಬಟ್ಟೆ ಬಿಚ್ಚಿದೆಯಾ ಎಂದಿರಬೇಕು. ನೀರಿನಿಂದ ಕೆಂಪಾಗಿದ್ದ ಬೆರಳುಗಳನ್ನು ನೋಡಿ ನೋವು ಹೆಚ್ಚಾಗಿದೆ ಎಂದುಕೊಂಡರು. ಮತ್ತೆ ಕೊಬ್ಬು, ಮತ್ತೆ ಬಟ್ಟೆ. ಸುತ್ತುತ್ತಾ ಏನೋ ಹೇಳಿದರು. ಒಳಗೆ ಬಂದಿದ್ದ ಆಯ್‌ಗುಲ್ ಅದನ್ನು ರೇಖಾಳಿಗೆ, ರೇಖಾ ನನಗೆ ಹೇಳಿದರು.

"ನಿಮ್ಮನ್ನ ಎಬ್ಬಿಸೋಣ ಅಂತ ಈ ಅಜ್ಜಿ ನಮ್ಮ ಟೆಂಟಿನ ಬಾಗಿಲವರೆಗೂ ಬಂದಿದ್ರಂತೆ ಅತ್ತೆ. ನೀವು ನೋವಿದ್ರೂ ಬೇರೆಯವರಿಗೋಸ್ಕರ ಹೂಂ ಅಂತೀರ, ಅಂಥ ಮುಖ ನಿಮ್ಮದು. ಅದಕ್ಕೇ ಕೇಳೋಕೆ ಮನಸ್ಸು ಬರಲಿಲ್ಲವಂತೆ."

ನೋವಿಲ್ಲ, ಕೊಡಿ ಚಾಕು ಎಂಬ ಮಾತು ಗಂಟಲವರೆಗೆ ಬಂದಿತ್ತು. ಆದರೆ ದಾರ ತುಂಡಾಗಿತ್ತು. ಅದನ್ನು ಎರಡನೆಯ ಸಲ ಕಟ್ಟುವುದಿಲ್ಲ. ಈಗ ನಿಜ ಹೇಳಿದರೆ ನನಗೆ ಹಗುರ, ಅವರಿಗೆ ಭಾರ. ನುಂಗಿಕೊಂಡೆ.

ಅಲ್ಲಿ ಮನೆಯಿಂದ ಹೊರಡುವವರು ರೊಟ್ಟಿಯ ಒಂದು ಚೂರಾದರೂ ಬಾಯಿಗೆ ಹಾಕಿಕೊಳ್ಳದೆ ಹೊಸಿಲು ದಾಟಬಾರದು. ಬುರುಲ್ ಅಪಾ ಬಾಗಿಲಲ್ಲಿ ರೊಟ್ಟಿ ಹಿಡಿದು ನಿಂತರು. ನನ್ನ ಬಲಗೈ ಬಟ್ಟೆಯೊಳಗಿತ್ತು. ಎಡಗೈಯಿಂದ ತಿನ್ನಿ ನನಗೆ ರೂಢಿಯಿಲ್ಲ. ನಾನು ತಡವರಿಸುವುದು ನೋಡಿ ಅವರೇ ಚೂರು ಮುರಿದು ನನ್ನ ಬಾಯಿಗಿಟ್ಟರು.

ಇಳಿಯುವಾಗ ಹಿಮ ಬೀಳತೊಡಗಿತು. ಕೈಗೆ ನೋವಾಗದಿರಲೆಂದು ಆಯ್‌ಗುಲ್ ನನ್ನ ಊರುಗೋಲು ತೆಗೆದುಕೊಂಡಳು. ಮೇಷ್ಟ್ರು ಹರಿದ ಬೂಟಿನಲ್ಲೇ ನನ್ನ ಚೀಲದ ಅರ್ಧ ಭಾರವನ್ನು ತಮ್ಮ ಚೀಲಕ್ಕೆ ತುಂಬಿಕೊಂಡರು. ಬೇಡವೆಂದರೆ ಯಾರೂ ಕೇಳಲಿಲ್ಲ. ಎಲ್ಲರ ಕೈಗಳೂ ಚಳಿಗೆ ಬಿರಿದು ಕೆಂಪಾಗಿದ್ದವು. ಏನೂ ಆಗದಿದ್ದ ನನ್ನ ಕೈಯೊಂದೇ ಉಣ್ಣೆಯೊಳಗೆ ಬೆಚ್ಚಗಿತ್ತು. ಜೀಪು ಸಿಗುವವರೆಗೂ ರೇಖಾ ನನ್ನ ಪಕ್ಕದಲ್ಲೇ ನಡೆದಳು. ಬೈದಿದ್ದರೆ ಚೆನ್ನಾಗಿತ್ತು.

ಮನೆ

ಬಂದ ದಿನ ಚೀಲ ಬಿಚ್ಚುವಾಗ ಇಂಪು, ಆ ಉಣ್ಣೆ ಬಟ್ಟೆಯನ್ನು ನೀನೇ ಎಳೆದು ತೆಗೆದೆ. "ಛೀ, ವಾಸನೆ! ಏನಜ್ಜಿ ಇದು?" ಎಂದೆ. ಕೈ ನೋವಿತ್ತು ಕಂದ, ಕಟ್ಟಿದ್ರು ಎಂದೆ. ನೀನು ನನ್ನ ಕೈ ಹಿಡಿದು ಉಫ್ ಉಫ್ ಎಂದು ಊದಿ, "ಹೋಯ್ತಾ?" ಎಂದು ಕೇಳಿದೆ. ಬಾಗಿಲಲ್ಲಿ ನಿಂತಿದ್ದ ನಿನ್ನ ಅಮ್ಮ ಒಳಗೆ ಹೊರಟುಹೋದಳು. ಅಷ್ಟಾದರೂ ನನ್ನ ಬಾಯಿಂದ ನಿಜ ಬರಲಿಲ್ಲ.

ಆ ಬೆಟ್ಟಕ್ಕೆ ಹೋಗಿ ಬಂದು ನಾನು ಬದಲಾದೆ ಎಂದು ಬರೆಯಲು ಆಸೆಯಾಗುತ್ತದೆ. ಬರೆಯಲಾರೆ. ಹೋದ ತಿಂಗಳು ಸರೋಜಮ್ಮನ ಮಗಳ ಸೀಮಂತಕ್ಕೆ ಹೋಗಿದ್ದೆ. ಮುಂದೆ ಕೂರಬೇಕೆಂದು ಮನೆಯಿಂದಲೇ ನಿಶ್ಚಯಿಸಿಕೊಂಡು ಹೋದೆ. ಹುಡುಗಿ "ಆಂಟಿ, ಬನ್ನಿ" ಎಂದು ಕರೆದಳು ಕೂಡ. ಕಾಲು ತಾನಾಗಿ ಚಪ್ಪಲಿ ಬಿಟ್ಟಿದ್ದ ಜಾಗದ ಹತ್ತಿರ ನಿಂತಿತು. ಇಷ್ಟು ವರ್ಷದ ರೂಢಿ ಒಂದು ಪ್ರವಾಸಕ್ಕೆ ಬಿಡುವುದಿಲ್ಲ. ಆಯ್‌ಪೆರಿ ಈಗ ಓಡುತ್ತಿರಬೇಕು. ಮೇಷ್ಟ್ರ ನಡಿಗೆಯೋ ಯಾರ ನಡಿಗೆಯೋ, ಚೆನ್ನಾಗಿ ಓಡಲಿ. ಅವಳ ಕಾಲಿಗೆ ನನ್ನಿಂದ ಏನೂ ಕೆಡುಕಾಗುತ್ತಿರಲಿಲ್ಲ ಎಂದು ಈಗ ಗೊತ್ತು. ಗೊತ್ತಾದದ್ದನ್ನು ಮಾಡಿ ತೋರಿಸಲು ಅಲ್ಲಿಗೆ ಇನ್ನೊಮ್ಮೆ ಹೋಗಲಾರೆ.

ಆದರೆ ನಿಮ್ಮಿಬ್ಬರ ಶುಭಕಾರ್ಯಗಳು ಇನ್ನೂ ಮುಂದಿವೆ. ಅಷ್ಟು ದಿನ ನಾನಿದ್ದರೆ ನನ್ನನ್ನು ಕರೆಯಿರಿ. ನಾನು ಅಡುಗೆಮನೆಯಲ್ಲಿ ಏನಾದರೂ ಕೆಲಸ ಹುಡುಕಿಕೊಂಡಿರುತ್ತೇನೆ, ಅಲ್ಲಿಗೇ ಬಂದು ಕರೆಯಿರಿ. ನಾನು ಏನಾದರೊಂದು ನೆಪ ಹೇಳುತ್ತೇನೆ. ದಯವಿಟ್ಟು ಅದಕ್ಕೆ ಮರುಗಬೇಡಿ, ನನ್ನನ್ನು ಬಿಟ್ಟು ಮುಂದೆ ಹೋಗಬೇಡಿ. ಮೊದಲೇ ಎಬ್ಬಿಸಿ, ಆರತಿ ತಟ್ಟೆಯನ್ನು ಕೈಗೆ ಕೊಟ್ಟುಬಿಡಿ.

ಈ ಹಾಳೆಗಳನ್ನು ಕಳೆಯದೆ ಇಟ್ಟುಕೊಳ್ಳಿ ಮಕ್ಕಳೇ, ನಿಮ್ಮ ಪುಸ್ತಕಗಳ ಜೊತೆಯಲ್ಲೇ ಇರಲಿ. ಅಜ್ಜಿ ಕೈ ನೋವು ಎಂದ ದಿನ ತಂದು ಓದಿ ಹೇಳಬೇಕು.